ಮನೆ ಒಬ್ಬನದು, ಎಳೆತ ಇನ್ನೊಬ್ಬನದು

ಕೇರಳ ಸರ್ಕಾರವು 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿತು. ಮರುವರ್ಷವೇ ಇಡುಕ್ಕಿ ಜಿಲ್ಲೆಯ ವಾಗಮಣ್ ಬೆಟ್ಟದಲ್ಲಿ ಆ ರಾಜ್ಯದ ಮೊದಲ ಕ್ಯಾರವಾನ್ ತಂಗುದಾಣ ತೆರೆಯಿತು. ಕರ್ನಾಟಕದ 2020ರ ಪ್ರವಾಸೋದ್ಯಮ ನೀತಿಯಲ್ಲಿಯೂ ಕ್ಯಾರವಾನ್ ಪ್ರವಾಸಕ್ಕೆ ಸ್ಥಾನ ದೊರೆಯಿತು. ಗಾಲಿಗಳ ಮೇಲೆ ಮನೆ ಕಟ್ಟಿಕೊಂಡು ಬೆಟ್ಟವೇರುವ ಈ ಪದ್ಧತಿಯನ್ನು ಸಮರ್ಥಿಸುವವರು ಎರಡು ಮಾತುಗಳನ್ನು ಮುಂದಿಡುತ್ತಾರೆ. ಕಾಂಕ್ರೀಟಿನ ರೆಸಾರ್ಟಿಗಿಂತ ಬಂದು ಹೋಗುವ ಗಾಡಿಯೇ ಪರಿಸರಕ್ಕೆ ಹಿತವೆಂಬುದು ಮೊದಲನೆಯದು. ಅಮೆರಿಕದಲ್ಲಿ ಲಕ್ಷಾಂತರ ಕುಟುಂಬಗಳು ಹೀಗೆಯೇ ಪ್ರವಾಸ ಮಾಡುತ್ತವೆ, ಅಲ್ಲಿ ಸಾಧ್ಯವಾದದ್ದು ಇಲ್ಲೇಕೆ ಆಗದು ಎಂಬುದು ಎರಡನೆಯದು.

ಎರಡನೆಯ ಮಾತಿಗೆ ತಲೆದೂಗುವ ಮೊದಲು ಅಮೆರಿಕದ ಹೆದ್ದಾರಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಲ್ಲಿ ಗಾಲಿಯ ಮನೆಯೊಳಗೆ ಮಲಗುವವನೇ ಯಾವಾಗಲೂ ಅದನ್ನು ಎಳೆಯುವವನಲ್ಲ. ದೂರದ ರಾಜ್ಯಕ್ಕೆ ಮನೆಯನ್ನು ಎಳೆಸಿಕೊಳ್ಳಲು ಬೇರೊಬ್ಬನನ್ನು ಬಾಡಿಗೆಗೆ ಗೊತ್ತುಮಾಡುವ ದೊಡ್ಡ ವ್ಯಾಪಾರವೇ ಅಲ್ಲಿದೆ. ಕೆರೆಯ ದಡದಲ್ಲಿ ನಿಂತ ಟ್ರೈಲರು, ಅದರ ಮುಂದೆ ಕುರ್ಚಿ ಹಾಕಿ ಕುಳಿತ ಕುಟುಂಬ: ಈ ಜಾಹೀರಾತಿನ ಚಿತ್ರದಲ್ಲಿ ಬಾಡಿಗೆಯವನು ಕಾಣುವುದಿಲ್ಲ. ಅವನನ್ನೂ ಚಿತ್ರದೊಳಗೆ ತಂದು ನಿಲ್ಲಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಈ ವ್ಯಾಪಾರದಲ್ಲಿ ಅಗ್ಗದ ಬಾಡಿಗೆ ಎಂದರೆ ವೆಚ್ಚ ಕಡಿಮೆಯಾಯಿತೆಂದು ಅರ್ಥವಲ್ಲ. ವೆಚ್ಚವು ಬಿಲ್ಲಿನಲ್ಲಿ ಹೆಸರಿಲ್ಲದವರ ಹೆಗಲಿಗೆ ದಾಟಿತೆಂದು ಅರ್ಥ.

ಮನೆಯನ್ನು ಕಳುಹಿಸುವ ವ್ಯಾಪಾರ

ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಎಲ್ಕಾರ್ಟ್ ಎಂಬ ಜಿಲ್ಲೆಯಿದೆ. ಆ ದೇಶದ ಗಾಲಿಮನೆಗಳಲ್ಲಿ ಬಹುಪಾಲು ತಯಾರಾಗುವುದು ಆ ಜಿಲ್ಲೆಯಲ್ಲಿ ಹಾಗೂ ಅದರ ಸುತ್ತಮುತ್ತ. ಇವುಗಳಲ್ಲಿ ಸ್ವಂತ ಎಂಜಿನ್ ಇರುವ ಬಸ್ಸಿನಂತಹ ಗಾಡಿಗಳು ಕಡಿಮೆ. ಹೆಚ್ಚಿನವು ಎಂಜಿನ್ನಿಲ್ಲದ, ಪಿಕಪ್ ಟ್ರಕ್ಕಿನ ಹಿಂದೆ ಕೊಂಡಿ ಹಾಕಿ ಎಳೆಯಬೇಕಾದ ಟ್ರೈಲರುಗಳು. ಕೊರೋನಾ ಕಾಲದಲ್ಲಿ ವಿಮಾನ ಮತ್ತು ಹೋಟೆಲುಗಳನ್ನು ಬಿಟ್ಟ ಜನ ಇವುಗಳ ಬೆನ್ನು ಹತ್ತಿದರು. 2021ರಲ್ಲಿ ಕಾರ್ಖಾನೆಗಳು ಸುಮಾರು 6 ಲಕ್ಷ ಗಾಡಿಗಳನ್ನು ಹೊರಗೆ ಕಳುಹಿಸಿದವು. 2023ರಲ್ಲಿ ಆ ಸಂಖ್ಯೆ ಸುಮಾರು 3.13 ಲಕ್ಷಕ್ಕೆ ಕುಸಿಯಿತು.

ಇಷ್ಟೊಂದು ಮನೆಗಳು ದೇಶದ ಮೂಲೆಮೂಲೆಯ ಮಾರಾಟಗಾರರಿಗೆ ತಲುಪುವುದು ಹೇಗೆ? ಸಾವಿರಾರು ಬಾಡಿಗೆ ಚಾಲಕರು ತಮ್ಮ ಸ್ವಂತ ಪಿಕಪ್ಪಿಗೆ ಒಂದೊಂದು ಟ್ರೈಲರನ್ನು ಕಟ್ಟಿಕೊಂಡು ಹೊರಡುತ್ತಾರೆ. ಇವರಲ್ಲಿ ಹೆಚ್ಚಿನವರು ಯಾವ ಕಂಪನಿಯ ನೌಕರರೂ ಅಲ್ಲ. ಕಾಗದದ ಮೇಲೆ ಅವರು 'ಸ್ವತಂತ್ರ ಗುತ್ತಿಗೆದಾರರು'. ಟ್ರಕ್ಕಿನ ಸಾಲದ ಕಂತು ಅವರದು, ಡೀಸೆಲ್ ಅವರದು, ಟೈರು ಅವರದು, ರಿಪೇರಿ ಅವರದು, ದಾರಿಯ ಊಟ ಅವರದು. ಕೂಲಿ ದೊರೆಯುವುದು ಸಾಮಾನ್ಯವಾಗಿ ಟ್ರೈಲರನ್ನು ಎಳೆದ ಮೈಲಿಗಳಿಗೆ ಮಾತ್ರ. ಮನೆಯನ್ನು ಇಳಿಸಿ ಬರಿಗೈಯಲ್ಲಿ ಹಿಂದಿರುಗುವ ದಾರಿ ಅವರ ಪಾಲಿಗೆ ಬಿಟ್ಟಿ ದುಡಿಮೆ. 2021ರ ಭರಾಟೆಯನ್ನು ನಂಬಿ ಸಾಲ ಮಾಡಿ ಟ್ರಕ್ಕು ಕೊಂಡವನಿಗೆ 2023ರ ಕುಸಿತದಲ್ಲಿ ಸಂಬಳವೂ ಇಲ್ಲ, ರಜೆಯೂ ಇಲ್ಲ. ಕಾರ್ಖಾನೆಯು ಉತ್ಪಾದನೆಯನ್ನು ತಗ್ಗಿಸಬಹುದು. ಬ್ಯಾಂಕಿನ ಕಂತು ತಗ್ಗುವುದಿಲ್ಲ.

ಕಾರ್ಖಾನೆಯ ಹೊರಗೆ ಇನ್ನೊಂದು ಸಂತೆಯಿದೆ. ನೌಕರಿಗಾಗಿ ಊರು ಬದಲಿಸುವವನು, ದೂರದ ರಾಜ್ಯದಲ್ಲಿ ಹಳೆಯ ಟ್ರೈಲರು ಅಗ್ಗಕ್ಕೆ ಸಿಕ್ಕಿತೆಂದು ಕೊಂಡವನು, ಚಳಿಗಾಲವನ್ನು ದಕ್ಷಿಣದ ಬಿಸಿಲಿನಲ್ಲಿ ಕಳೆಯಬಯಸುವ ನಿವೃತ್ತ: ಇವರೆಲ್ಲರಿಗೂ ಮನೆಯನ್ನು ಎಳೆಯುವವನೊಬ್ಬ ಬೇಕು. ಇಂತಲ್ಲಿಂದ ಇಂತಲ್ಲಿಗೆ, ಇಷ್ಟು ಉದ್ದದ ಟ್ರೈಲರು, ಇಂತಹ ದಿನದೊಳಗೆ ಎಂದು ಪ್ರಕಟಿಸಿದರೆ ಸಾಕು, ಚಾಲಕರು ಒಬ್ಬರಿಗಿಂತ ಒಬ್ಬರು ಇಳಿಸಿ ದರ ಕೂಗುತ್ತಾರೆ. ಅಡಿಕೆ ಮಂಡಿಯ ಹರಾಜಿನಲ್ಲಿ ದರ ಏರುತ್ತದೆ. ಇದು ದರ ಇಳಿಯುವ ಹರಾಜು. ಮಾಲೀಕನಿಗೆ ಕಾಣುವುದು ಕೊನೆಯ ಅಂಕಿ ಮಾತ್ರ. ಆ ಅಂಕಿ ಇಳಿಯುವಾಗ ಚಾಲಕನು ಯಾವುದನ್ನು ಕಡಿತಗೊಳಿಸಿದ, ನಿದ್ದೆಯನ್ನೋ, ಹೊಸ ಟೈರನ್ನೋ, ವಿಮೆಯ ಕಂತನ್ನೋ ಎಂದು ಯಾರೂ ಕೇಳುವುದಿಲ್ಲ.

ಮೂಕಿಯ ಪಾಠ

ಎತ್ತಿನ ಗಾಡಿಯನ್ನು ಹೇರಿದ ರೈತನಿಗೆ ಈ ಎಳೆತದ ಅಪಾಯವನ್ನು ಹೊಸದಾಗಿ ಬೋಧಿಸಬೇಕಾಗಿಲ್ಲ. ಭಾರವೆಲ್ಲ ಗಾಡಿಯ ಹಿಂದಕ್ಕೆ ಬಿದ್ದರೆ ಮೂಕಿ ಮೇಲೇಳುತ್ತದೆ, ನೊಗದ ಹುರಿ ಎತ್ತಿನ ಕೊರಳನ್ನು ಬಿಗಿಯುತ್ತದೆ. ಭಾರ ಮುಂದಕ್ಕೆ ಬಿದ್ದರೆ ಎತ್ತಿನ ಹೆಗಲು ಕುಸಿಯುತ್ತದೆ. ಟ್ರೈಲರಿಗೂ ಇದೇ ನ್ಯಾಯ. ಅದರ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಕೊಂಡಿಯ ಮೇಲೆ ನಿಲ್ಲಬೇಕೆಂಬುದು ಅಲ್ಲಿನ ಸಾಮಾನ್ಯ ಲೆಕ್ಕ. ಅಂದರೆ 3,000 ಕಿಲೋ ತೂಕದ ಮನೆಯಾದರೆ 300ರಿಂದ 450 ಕಿಲೋ ಭಾರ ಪಿಕಪ್ಪಿನ ಬೆನ್ನಿನ ಮೇಲೆ ಬೀಳಬೇಕು. ಅದಕ್ಕಿಂತ ಕಡಿಮೆಯಾದರೆ ವೇಗ ಹೆಚ್ಚಿದಂತೆ ಟ್ರೈಲರು ಬಾಲದಂತೆ ಎಡಬಲಕ್ಕೆ ಬೀಸಲಾರಂಭಿಸುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬ ಗಾದೆ ಆಗ ರಸ್ತೆಯ ಮೇಲೆಯೇ ನಿಜವಾಗುತ್ತದೆ. ಒಮ್ಮೆ ಬೀಸು ಬಲಿತರೆ ಗಾಡಿಯನ್ನು ಹಿಡಿತಕ್ಕೆ ತರುವುದು ನುರಿತ ಚಾಲಕನಿಗೂ ಕಷ್ಟ.

ಈಗ ಬಾಡಿಗೆಯವನ ಸ್ಥಿತಿಯನ್ನು ಊಹಿಸಬೇಕು. ಟ್ರೈಲರನ್ನು ತುಂಬಿದವನು ಅವನಲ್ಲ. ಹಿಂಭಾಗದ ಕಪಾಟಿನಲ್ಲಿ ಏನಿದೆ, ನೀರಿನ ತೊಟ್ಟಿ ತುಂಬಿದೆಯೋ ಖಾಲಿಯೋ, ಮೂರು ವರ್ಷ ಹಿತ್ತಲಲ್ಲಿ ನಿಂತ ಗಾಡಿಯ ಗಾಲಿಯೊಳಗಿನ ಬೇರಿಂಗಿಗೆ ಗ್ರೀಸು ಬಿದ್ದು ಎಷ್ಟು ದಿನವಾಯಿತು, ಇವಾವುವೂ ಅವನಿಗೆ ತಿಳಿದಿರುವುದಿಲ್ಲ. ಹೊರಡುವ ಬೆಳಿಗ್ಗೆಯೇ ಅವನು ಆ ಮನೆಯನ್ನು ಮೊದಲ ಬಾರಿಗೆ ನೋಡುವುದು. ನಿಂತಲ್ಲೇ ನಿಂತ ಟೈರು ಹೊರಗೆ ಹೊಸದರಂತೆ ಕಂಡರೂ ಬಿಸಿಲಿಗೆ ಒಳಗೇ ಬಿರಿದಿರುತ್ತದೆ. ಅನೇಕ ಟ್ರೈಲರ್ ಟೈರುಗಳನ್ನು ಗಂಟೆಗೆ 65 ಮೈಲಿ, ಎಂದರೆ ಸುಮಾರು 105 ಕಿ.ಮೀ. ವೇಗದ ಮಿತಿಗೆ ತಯಾರಿಸಿರುತ್ತಾರೆ. ಕ್ಯಾಲಿಫೋರ್ನಿಯಾದಲ್ಲಂತೂ ಟ್ರೈಲರು ಎಳೆಯುವ ವಾಹನಕ್ಕೆ 55 ಮೈಲಿಯ ಮಿತಿಯಿದೆ. ಮೈಲಿಯ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ವೇಗವೇ ಅನ್ನ. ಅವನು ಎಳೆಯುವ ಮನೆಗೆ ವೇಗವೇ ಮೃತ್ಯು. ಅನ್ನಕ್ಕೂ ಮೃತ್ಯುವಿಗೂ ನಡುವೆ ಅವನನ್ನು ನಿಲ್ಲಿಸಿದ್ದು ಕೆಳದರದ ಹರಾಜು.

ವಯೋಮಿಂಗ್ ರಾಜ್ಯದಲ್ಲಿ ರಾಕಿ ಪರ್ವತಶ್ರೇಣಿಯನ್ನು ದಾಟುವ 80ನೇ ಅಂತರರಾಜ್ಯ ಹೆದ್ದಾರಿ ಚಂಡಗಾಳಿಗೆ ಹೆಸರಾಗಿದೆ. ಗಾಳಿ ಜೋರಾದಾಗ ಅಲ್ಲಿನ ಸಾರಿಗೆ ಇಲಾಖೆಯು ಹಗುರವಾದ, ಎತ್ತರದ ವಾಹನಗಳಿಗೆ ರಸ್ತೆಯನ್ನು ಮುಚ್ಚುತ್ತದೆ. ಖಾಲಿ ಟ್ರೈಲರೆಂದರೆ ಹಾಯಿ ಕಟ್ಟಿದ ಪೆಟ್ಟಿಗೆಯೇ ಸರಿ. ರಸ್ತೆ ಮುಚ್ಚಿದಾಗ ಬಾಡಿಗೆಯವನು ಪೆಟ್ರೋಲ್ ಬಂಕಿನ ಬಯಲಿನಲ್ಲಿ ಕಾಯಬೇಕು. ಕಾಯುವ ಗಂಟೆಗೆ ಕೂಲಿಯಿಲ್ಲ. ಮಾಲೀಕನು ಮಾತ್ರ ಶನಿವಾರದೊಳಗೆ ಮನೆ ತಲುಪಬೇಕೆಂದು ಗಡುವು ಕೊಟ್ಟಿರುತ್ತಾನೆ. ಗಾಳಿಯ ಎಚ್ಚರಿಕೆಯನ್ನು ಕಡೆಗಣಿಸಿ ಹೊರಟವನನ್ನು ದುಡುಕಿನವನೆಂದು ದೂರುವುದು ಸುಲಭ. ಆ ಗಡುವು ಬರೆದ ಕೈಯನ್ನು ದೂರುವವರು ವಿರಳ.

ಬಿಲ್ಲಿನಲ್ಲಿಲ್ಲದ ಲೆಕ್ಕ

ಎಲ್ಕಾರ್ಟಿನಿಂದ ಲಾಸ್ ಏಂಜಲೀಸಿಗೆ ಸುಮಾರು 2,100 ಮೈಲಿ, ಎಂದರೆ ಸುಮಾರು 3,400 ಕಿ.ಮೀ. ಕನ್ಯಾಕುಮಾರಿಯಿಂದ ಶ್ರೀನಗರದವರೆಗಿನ ರಾಷ್ಟ್ರೀಯ ಹೆದ್ದಾರಿಗಿಂತ ಇದು ಸ್ವಲ್ಪವೇ ಕಡಿಮೆ. ಟ್ರೈಲರು ಎಳೆಯುವ ಪಿಕಪ್ಪು ಲೀಟರಿಗೆ ನಾಲ್ಕು ಕಿಲೋಮೀಟರಿನ ಆಸುಪಾಸಿನಲ್ಲಿ ಓಡುತ್ತದೆ. ಈ ಲೆಕ್ಕದಲ್ಲಿ ಹೋಗುವ ದಾರಿಗೆ 850 ಲೀಟರಿನಷ್ಟು ಡೀಸೆಲ್ ಬೇಕು. ಬರಿದಾಗಿ ಹಿಂದಿರುಗುವಾಗ ಲೀಟರಿಗೆ ಏಳೂವರೆ ಕಿಲೋಮೀಟರ್ ಓಡಿತೆಂದರೂ ಇನ್ನೂ 450 ಲೀಟರ್. ಒಟ್ಟು 1,300 ಲೀಟರ್. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಹೀಗೆ ಒಂದೇ ಒಂದು ಮನೆಯನ್ನು ಒಮ್ಮೆ ಎಳೆಸಿಕೊಳ್ಳುವುದಕ್ಕೆ ಮೂರು ಟನ್ನಿಗೂ ಹೆಚ್ಚು ಇಂಗಾಲ ಆಕಾಶ ಸೇರುತ್ತದೆ. ಭಾರತದ ಪ್ರಜೆಯೊಬ್ಬನ ಪಾಲಿಗೆ ವರ್ಷವಿಡೀ ಬರುವ ಸರಾಸರಿ ಇಂಗಾಲ ಸುಮಾರು ಎರಡು ಟನ್. ಮನೆಯೊಳಗೆ ಇನ್ನೂ ಯಾರೂ ಒಂದು ರಾತ್ರಿಯನ್ನೂ ಕಳೆದಿಲ್ಲವೆಂಬುದನ್ನು ಗಮನಿಸಬೇಕು.

ಎಳೆತದ ಈ ಕಷ್ಟವನ್ನು ಇಳಿಸಲೆಂದು ಗಾಲಿಮನೆಯ ಗೋಡೆ, ನೆಲಗಳಿಗೆ ಲುವಾನ್ ಎಂಬ ತೆಳುವಾದ ಹಗುರ ಪ್ಲೈವುಡ್ಡನ್ನು ಬಳಸುತ್ತಾರೆ. ಅದು ಆಗ್ನೇಯ ಏಷ್ಯಾದ ಮಳೆಕಾಡಿನ ಮರಗಳಿಂದ ಬರುವಂಥದು. ಅಮೆರಿಕದ ಪಿಕಪ್ಪಿನ ಬೆನ್ನು ಹಗುರಾಗಬೇಕಾದರೆ ಇಂಡೋನೇಷ್ಯಾದ ಕಾಡು ತೆಳುವಾಗಬೇಕು! ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಎಂದರೆ ಇದೇ ಅಲ್ಲವೇ?

ಕಾನೂನಿಲ್ಲವೇ ಎಂದು ಕೇಳಬಹುದು. ಇದೆ. ರಾಜ್ಯದ ಗಡಿ ದಾಟಿ ಬಾಡಿಗೆಗೆ ಎಳೆಯುವ ಜೋಡಿಯ ನಿಗದಿತ ತೂಕ 10,001 ಪೌಂಡು, ಎಂದರೆ ಸುಮಾರು 4,536 ಕಿಲೋ ಮುಟ್ಟಿದರೆ ಚಾಲಕನಿಗೆ ಫೆಡರಲ್ ಸಾರಿಗೆ ಇಲಾಖೆಯ ನೋಂದಣಿ ಸಂಖ್ಯೆ ಬೇಕು, ವೈದ್ಯಕೀಯ ಪ್ರಮಾಣಪತ್ರ ಬೇಕು. ಹತ್ತು ಗಂಟೆಗಳ ವಿಶ್ರಾಂತಿಯ ಬಳಿಕ ಹನ್ನೊಂದು ಗಂಟೆಗಿಂತ ಹೆಚ್ಚು ಹೊತ್ತು ಅವನು ಗಾಡಿ ಓಡಿಸುವಂತಿಲ್ಲ. ದಲ್ಲಾಳಿಯು 75,000 ಡಾಲರಿನ ಜಾಮೀನು ಇಡಬೇಕೆಂಬ ನಿಯಮ 2013ರಲ್ಲಿ ಬಂದಿತು. ಸರಕು ಹಾಳಾದರೆ ಸಾಗಿಸುವವನೇ ಹೊಣೆಯೆಂಬ ಕಾಯಿದೆಗಂತೂ 1906ರಷ್ಟು ಹಿಂದಿನ ಇತಿಹಾಸವಿದೆ. ಆದರೆ ಅಪಘಾತದಲ್ಲಿ ಗಾಯಗೊಂಡ ದಾರಿಹೋಕರಿಗಾಗಿ ದೊಡ್ಡ ಬಾಡಿಗೆ ವಾಹನಗಳು ಹೊಂದಿರಬೇಕಾದ ಕನಿಷ್ಠ ವಿಮೆಯನ್ನು 7.5 ಲಕ್ಷ ಡಾಲರೆಂದು ನಿಗದಿಪಡಿಸಿದ್ದು 1980ರ ದಶಕದಲ್ಲಿ. ನಾಲ್ಕು ದಶಕ ಕಳೆದರೂ ಆ ಮೊತ್ತ ಏರಿಲ್ಲ. ಮನೆಯ ಗೋಡೆಗೆ ಗೀರು ಬಿದ್ದರೆ ಕೇಳುವವರು ನೂರು ವರ್ಷದಿಂದ ಇದ್ದಾರೆ. ದಾರಿಯಲ್ಲಿ ಸಿಕ್ಕವನ ಜೀವದ ಬೆಲೆಯನ್ನು ಮಾತ್ರ ಹಳೆಯ ದರದಲ್ಲಿಯೇ ಇಡಲಾಗಿದೆ. ಮೇಲಾಗಿ, ಖಾಸಗಿ ಮಾಲೀಕನು ನೋಂದಣಿ ಸಂಖ್ಯೆಯನ್ನು ಕೇಳದೆ ಕಡಿಮೆ ದರದವನಿಗೆ ಕೀಲಿಕೈ ಕೊಟ್ಟರೆ ಈ ನಿಯಮಗಳಿಂದ ಯಾರಿಗೂ ಪ್ರಯೋಜನವಿಲ್ಲ.

ಬಾಡಿಗೆ ಕೊಡದ ಪ್ರಯಾಣಿಕರು

ಕೃಷಿಕರು ಹೆಚ್ಚು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. 1860ರ ದಶಕದ ಕೊನೆಯಲ್ಲಿ ರೇಷ್ಮೆಯ ಪ್ರಯೋಗಕ್ಕೆಂದು ಯುರೋಪಿನಿಂದ ಮ್ಯಾಸಚೂಸೆಟ್ಸಿಗೆ ತಂದ ಪತಂಗವೊಂದು ತಪ್ಪಿಸಿಕೊಂಡು ಹೊರಬಿದ್ದಿತು. 2022ರಿಂದ ಇದನ್ನು ಸ್ಪಂಜಿ ಮಾತ್ ಎಂದು ಕರೆಯುತ್ತಾರೆ. ಓಕ್ ಮೊದಲಾದ ನೂರಾರು ಜಾತಿಯ ಮರಗಳ ಎಲೆಯನ್ನು ಇದರ ಹುಳುಗಳು ಬೋಳಿಸುತ್ತವೆ. ಇದರ ಹೆಣ್ಣು ಪತಂಗ ಹಾರಲಾರದು. ಆದರೂ ಅದು ದೇಶದ ಈಶಾನ್ಯ ಭಾಗವನ್ನೆಲ್ಲ ಆವರಿಸಿದೆ. ಮರಿಹುಳುಗಳನ್ನು ಗಾಳಿಯು ಸ್ವಲ್ಪ ದೂರ ಒಯ್ಯುತ್ತದೆ. ಉಳಿದ ದೂರಪ್ರಯಾಣಕ್ಕೆ ವಾಹನ ಒದಗಿಸಿದವನು ಮನುಷ್ಯ. ಮರದ ಕೆಳಗೆ ನಿಂತ ಟ್ರೈಲರಿನ ತಳ, ಗಾಲಿಯ ಮರೆ, ಕಿಟಕಿಯ ಅಂಚುಗಳಲ್ಲಿ ಅದು ನೂರಾರು ಮೊಟ್ಟೆಗಳ ಒಂದೊಂದು ಗುಪ್ಪೆಯನ್ನಿಟ್ಟು ತುಪ್ಪಟದಿಂದ ಮುಚ್ಚುತ್ತದೆ. ಆ ಮೊಟ್ಟೆ ಬೇಸಿಗೆಯ ಕೊನೆಯಿಂದ ಮರುವಸಂತದವರೆಗೆ ಜೀವಂತವಾಗಿರುತ್ತದೆ. ಆದ್ದರಿಂದಲೇ ಪೀಡಿತ ಪ್ರದೇಶದಿಂದ ಹೊರಡುವ ಗಾಲಿಮನೆಯನ್ನು ಮೊಟ್ಟೆಗಾಗಿ ತಪಾಸಣೆ ಮಾಡಬೇಕೆಂದು ಅಲ್ಲಿನ ಫೆಡರಲ್ ನಿಯಮ ಹೇಳುತ್ತದೆ.

2014ರಲ್ಲಿ ಪೆನ್ಸಿಲ್ವೇನಿಯಾದ ಬರ್ಕ್ಸ್ ಜಿಲ್ಲೆಯಲ್ಲಿ ಸ್ಪಾಟೆಡ್ ಲ್ಯಾಂಟರ್ನ್‌ಫ್ಲೈ ಎಂಬ ಏಷ್ಯಾ ಮೂಲದ ಜಿಗಿಹುಳು ಪತ್ತೆಯಾಯಿತು. ಅದು ದ್ರಾಕ್ಷಿ ಬಳ್ಳಿಯ ರಸ ಹೀರುತ್ತದೆ. ಒಣಗಿದ ಕೆಸರಿನಂತೆ ಕಾಣುವ ಅದರ ಮೊಟ್ಟೆಯ ಪಟ್ಟಿಗಳು ಮರ, ಕಲ್ಲುಗಳ ಮೇಲೆ ಮಾತ್ರವಲ್ಲ, ವಾಹನಗಳ ಮೈಮೇಲೂ ಇರುತ್ತವೆ. 2002ರಲ್ಲಿ ಮಿಷಿಗನ್ನಿನಲ್ಲಿ ಪತ್ತೆಯಾದ ಆಶ್ ಮರಕೊರಕ ಹುಳು ಪ್ರವಾಸಿಗರು ಜೊತೆಗೊಯ್ದ ಸೌದೆಯಲ್ಲಿ ಕುಳಿತು ರಾಜ್ಯ ರಾಜ್ಯ ಸುತ್ತಿತು; ಕೋಟ್ಯಂತರ ಮರಗಳು ಒಣಗಿದವು.

ಬಾಡಿಗೆಯ ಎಳೆತದಲ್ಲಿ ಈ ಅಪಾಯ ಇಮ್ಮಡಿಯಾಗುತ್ತದೆ. ವರ್ಷಗಟ್ಟಲೆ ಮರದಡಿ ನಿಂತ ಗಾಡಿಯನ್ನೇ ಮಾಲೀಕನು ಹೆಚ್ಚಾಗಿ ಬೇರೆಯವರಿಂದ ಎಳೆಸುತ್ತಾನೆ. ತಾನು ಎಳೆಯುವುದಿಲ್ಲವಾದ್ದರಿಂದ ಅದರ ತಳವನ್ನು ಬಗ್ಗಿ ನೋಡುವುದಿಲ್ಲ. ಚಾಲಕನಿಗೆ ನೋಡಲು ಸಮಯವಿಲ್ಲ. ನೋಡಿದ ಗಂಟೆಗೆ ಕೂಲಿಯೂ ಇಲ್ಲ. ಹೀಗೆ ಇಬ್ಬರ ನಡುವೆ ಹೊಣೆ ಜಾರಿಹೋಗುತ್ತದೆ, ಮೊಟ್ಟೆ ಮಾತ್ರ ಭದ್ರವಾಗಿ ಅಂಟಿಕೊಂಡಿರುತ್ತದೆ. ಮೂರು ಸಾವಿರ ಕಿಲೋಮೀಟರಿನಾಚೆ ದ್ರಾಕ್ಷಿ ತೋಟದವನು ಔಷಧಿ ಸಿಂಪಡಿಸುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಸಮರ್ಥನೆಗಳ ಪರಿಶೀಲನೆ

ಈ ವ್ಯಾಪಾರವನ್ನು ಸಮರ್ಥಿಸುವವರು ಉದ್ಯೋಗದ ಮಾತನ್ನು ಎತ್ತುತ್ತಾರೆ. ಉದ್ಯೋಗವೆಂಬುದು ನಿಜ. ಆದರೆ ಹೋಗುವ ದಾರಿಗೆ ಕೂಲಿ ಕೊಟ್ಟು ಬರುವ ದಾರಿಯನ್ನು ಬಿಟ್ಟಿಯಾಗಿಸುವ ಉದ್ಯೋಗವನ್ನು ಉದಾಹರಣೆಯಾಗಿ ಎತ್ತಿ ತೋರಿಸುವ ಮೊದಲು ನಾಚಿಕೆಯಾಗಬೇಕು. ಅಡಿಕೆ ಮರವನ್ನು ಹತ್ತಿದ ಹೊತ್ತಿಗೆ ಮಾತ್ರ ಕೂಲಿ, ಇಳಿದದ್ದಕ್ಕಿಲ್ಲವೆಂದು ಯಾವ ತೋಟಿಗನಾದರೂ ಹೇಳಿದರೆ ಊರು ಸುಮ್ಮನಿದ್ದೀತೇ?

ಇನ್ನೊಂದು ಮಾತಿಗೆ ತೂಕವಿದೆ. ಗಾಲಿಮನೆಯಲ್ಲಿ ಇರುವವರೆಲ್ಲರೂ ವಿಲಾಸಿಗಳಲ್ಲ. ಬಾಡಿಗೆ ಮನೆಯ ದರ ಕೈಗೆಟುಕದೆ ಟ್ರೈಲರಿನಲ್ಲಿಯೇ ಬಾಳುವ ವೃದ್ಧರು, ಕೂಲಿಕಾರರು ಅಮೆರಿಕದಲ್ಲಿ ಬಹಳಷ್ಟಿದ್ದಾರೆ. 2005ರ ಕತ್ರಿನಾ ಚಂಡಮಾರುತದಲ್ಲಿ ನೆಲೆ ಕಳೆದುಕೊಂಡವರಿಗೆ ಅಲ್ಲಿನ ಸರ್ಕಾರ ಲಕ್ಷಕ್ಕೂ ಮಿಕ್ಕಿದ ಟ್ರೈಲರುಗಳನ್ನು ಎಳೆಸಿ ತರಿಸಿತು. ಕಣ್ಣು ಮಂಜಾದ ಮುದುಕನೊಬ್ಬ ತನ್ನ ಏಕೈಕ ಮನೆಯನ್ನು ಮಗಳ ಊರಿಗೆ ಸಾಗಿಸಲು ನುರಿತ ಚಾಲಕನನ್ನು ಗೊತ್ತುಮಾಡಿದರೆ ಅದು ವಿವೇಕವೇ ಹೊರತು ಅಪರಾಧವಲ್ಲ. ಇಂತಹವರನ್ನು ಯಾರೂ ದೂರುವಂತಿಲ್ಲ. ದೂರು ಇರುವುದು ವರ್ಷಕ್ಕೆ ಎರಡು ವಾರದ ಮೋಜಿಗಾಗಿ ಮೂರು ಟನ್ನಿನ ಮನೆಯನ್ನು ದೇಶದುದ್ದಕ್ಕೂ ಎಳೆಸಿ, ಅದನ್ನು ನಿಸರ್ಗಪ್ರೇಮವೆಂದು ಕರೆದುಕೊಳ್ಳುವವರ ಮೇಲೆ. ತಲುಪಿದ ಊರಿನಲ್ಲಿಯೇ ಟ್ರೈಲರೊಂದನ್ನು ಬಾಡಿಗೆಗೆ ಪಡೆಯುವ ವ್ಯವಸ್ಥೆ ಅಮೆರಿಕದಲ್ಲಿ ಧಾರಾಳವಾಗಿದೆ. ಮನುಷ್ಯ ಹೋಗಬಹುದು, ಮನೆಯೂ ಹೋಗಲೇಬೇಕೆಂಬ ಹಟವೇಕೆ?

ಎಳೆಸಲೇಬೇಕಾದವರ ಕರ್ತವ್ಯವೂ ಸರಳವಾಗಿದೆ. ಚಾಲಕನ ನೋಂದಣಿ, ವಿಮೆಗಳನ್ನು ಕೇಳಿ ನೋಡಬೇಕು. ಟೈರು, ಬ್ರೇಕು, ಬೇರಿಂಗುಗಳನ್ನು ತನ್ನ ಖರ್ಚಿನಲ್ಲಿ ಸರಿಪಡಿಸಿಕೊಡಬೇಕು. ಒಳಗಿನ ಭಾರವನ್ನು ಇಳಿಸಿ ಗಾಡಿಯ ತಳವನ್ನು ತೊಳೆದು ಮೊಟ್ಟೆಗಳನ್ನು ಕೆರೆದು ತೆಗೆಯಬೇಕು. ಗಾಳಿಮಳೆಯಲ್ಲಿ ಕಾದ ದಿನಕ್ಕೂ, ಹಿಂದಿರುಗುವ ದಾರಿಗೂ ಕೂಲಿ ಸೇರಿಸಬೇಕು. ಇಷ್ಟನ್ನೂ ಸೇರಿಸಿದರೆ ಬಾಡಿಗೆ ದುಬಾರಿಯಾಗುತ್ತದೆಯೆಂದು ಗೊಣಗಬಹುದು. ಹೌದು, ಅದೇ ಅದರ ನಿಜವಾದ ಬೆಲೆ. ಆ ಬೆಲೆಗೆ ಬೇಡವೆನಿಸಿದರೆ ಅಷ್ಟು ದೂರ ಆ ಮನೆ ಹೋಗಬೇಕಾದ ಅಗತ್ಯವೇ ಇರಲಿಲ್ಲ.

ಘಟ್ಟದ ದಾರಿಯಲ್ಲಿ

ಭಾರತದಲ್ಲಿ ಕಾರಿನ ಹಿಂದೆ ಎಳೆಯುವ ಮನೆ ಅಪರೂಪ. ಇಲ್ಲಿ ಕ್ಯಾರವಾನ್ ಎಂದರೆ ಹೆಚ್ಚಾಗಿ ಬಸ್ಸು ಅಥವಾ ವ್ಯಾನಿನ ಚಾಸಿಯ ಮೇಲೆ ಕಟ್ಟಿದ, ಸ್ವಂತ ಎಂಜಿನ್ ಇರುವ ಗಾಡಿ. ಆದರೆ ಮಲಗುವವನು ಒಬ್ಬ, ದೂರದ ದಾರಿ ಸಾಗಿಸುವವನು ಇನ್ನೊಬ್ಬ ಎಂಬ ಮೂಲ ಏರ್ಪಾಡು ಇಲ್ಲಿ ಇನ್ನೂ ಗಾಢವಾಗಿದೆ. ಇಲ್ಲಿನ ಕ್ಯಾರವಾನಿಗೆ ಬಾಡಿಗೆಯ ಚಾಲಕನಿರುವುದೇ ವಾಡಿಕೆ.

ಅದರ ಪರಿಣಾಮವನ್ನು ಕಾಣಲು ಬಹುದೂರ ಹೋಗಬೇಕಾಗಿಲ್ಲ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿಗೆ ನಿಂತಿದ್ದ ಕ್ಯಾರವಾನೊಂದರಲ್ಲಿ ಇಬ್ಬರ ಶವಗಳು ದೊರೆತವು. ಒಬ್ಬ ಚಾಲಕ, ಇನ್ನೊಬ್ಬ ಜೊತೆಗಾರ ನೌಕರ. ಪ್ರಯಾಣಿಕರನ್ನು ಇಳಿಸಿ ಖಾಲಿ ಗಾಡಿಯೊಂದಿಗೆ ಹಿಂದಿರುಗುತ್ತಿದ್ದವರು ದಾರಿಯಲ್ಲಿ ವಿಶ್ರಮಿಸಿದ್ದರು. ಜನರೇಟರಿನಿಂದ ಹೊರಟ ಕಾರ್ಬನ್ ಮಾನಾಕ್ಸೈಡ್ ಅನಿಲ ಒಳಗೆ ತುಂಬಿದ್ದೇ ಸಾವಿಗೆ ಕಾರಣವೆಂದು ತಜ್ಞರ ತಪಾಸಣೆ ತಿಳಿಸಿತು. ಪ್ರವಾಸಿಗರ ನಿದ್ದೆಗೆಂದು ಸಜ್ಜುಗೊಳಿಸಿದ ಮನೆಯಲ್ಲಿ ಅದನ್ನು ಸಾಗಿಸುವವರು ಒಂದು ರಾತ್ರಿ ಮಲಗಿದರು, ಏಳಲಿಲ್ಲ. ಬರಿದಾದ ಹಿಂದಿನ ದಾರಿ ಎಂದು ಮೇಲೆ ಹೇಳಿದ್ದು ಕೇವಲ ಡೀಸೆಲಿನ ಲೆಕ್ಕವಲ್ಲ.

ಅದೇ ವರ್ಷದ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಕತ್ತರಿಸಿದ್ದ ಗುಡ್ಡ ಕುಸಿಯಿತು. ಚಹಾದಂಗಡಿಯ ಕುಟುಂಬದೊಡನೆ ಅಲ್ಲಿ ಗಾಡಿ ನಿಲ್ಲಿಸಿದ್ದ ದೂರದೂರಿನ ಚಾಲಕರೂ ಮಣ್ಣುಪಾಲಾದರು. ಒಬ್ಬ ಚಾಲಕನ ದೇಹ ಅವನ ಲಾರಿಯೊಂದಿಗೆ ಗಂಗಾವಳಿ ನದಿಯಿಂದ ಮೇಲೆ ಬಂದದ್ದು ಎರಡು ತಿಂಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಕ್ಯಾರವಾನಿಗೂ ಈ ಕುಸಿತಕ್ಕೂ ಸಂಬಂಧವಿಲ್ಲ. ಆದರೆ ಘಟ್ಟದ ರಸ್ತೆಯಲ್ಲಿ ವಿಶ್ರಾಂತಿಗೆ ನಿಲ್ಲಲು ಸುರಕ್ಷಿತ ಜಾಗವಿಲ್ಲದ ಚಾಲಕನ ಪಾಡನ್ನು ಇದಕ್ಕಿಂತ ಕಠೋರವಾಗಿ ತೋರಿಸಿಕೊಟ್ಟ ಘಟನೆ ಇನ್ನೊಂದಿಲ್ಲ. ಹದಿನಾಲ್ಕು ತಿರುವುಗಳ ಆಗುಂಬೆ ಘಾಟಿಯಲ್ಲಿ ಮಳೆಗಾಲದಲ್ಲಿ ಭಾರಿ ವಾಹನಗಳನ್ನು ತಡೆಯುತ್ತಾರೆ. ಚಾರ್ಮಾಡಿ ಘಾಟಿ 2019ರ ಮಳೆಯಲ್ಲಿ ಹಲವೆಡೆ ಕುಸಿದು ಮುಚ್ಚಿತ್ತು. ಇಂತಹ ರಸ್ತೆಗಳಿಗೆ ಉದ್ದನೆಯ ಗಾಲಿಮನೆಗಳನ್ನು ಆಹ್ವಾನಿಸಿದರೆ, ನಾಳೆ ತಿರುವುಗಳನ್ನು ಅಗಲ ಮಾಡಿ ಎಂಬ ಕೂಗು ಏಳುವುದು ಖಂಡಿತ. ರೆಸಾರ್ಟ್ ಕಟ್ಟದೆ ಉಳಿಸಿದ ಗುಡ್ಡವನ್ನು ರಸ್ತೆಗಾಗಿ ಕಡಿದಂತಾಯಿತು. ಗಾಲಿಮನೆಯೇ ಪರಿಸರಕ್ಕೆ ಹಿತವೆಂಬ ಮೊದಲ ಮಾತಿಗೆ ಇದೇ ಉತ್ತರ.

ಗಾಲಿಯ ಕೆಸರಿನಲ್ಲಿ ಏನು ಬರುತ್ತದೆಂಬುದೂ ಮಲೆನಾಡಿಗೆ ಹೊಸ ಪ್ರಶ್ನೆಯಲ್ಲ. 1955ರಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದ ಪಾರ್ಥೇನಿಯಂ, ಜನರ ಬಾಯಲ್ಲಿ ಕಾಂಗ್ರೆಸ್ ಹುಲ್ಲು, ದೇಶವನ್ನೆಲ್ಲ ವ್ಯಾಪಿಸಿದ್ದು ರಸ್ತೆ, ರೈಲುದಾರಿಗಳನ್ನು ಹಿಡಿದು. ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುತ್ತದೆ. ಅದನ್ನು ತಿನ್ನಲೆಂದು ಮೆಕ್ಸಿಕೋದ ದುಂಬಿಯನ್ನು ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರೂ ಕಳೆ ತೊಲಗಲಿಲ್ಲ. ಕೊಡಗಿನ ಶನಿವಾರಸಂತೆಯ ಸುತ್ತಿನ ಕಾಫಿ ತೋಟಗಳನ್ನು ಕಾಡಿದ ಆಫ್ರಿಕದ ದೈತ್ಯ ಬಸವನಹುಳುವೂ ಸರಕು, ಸಸಿ, ವಾಹನಗಳಿಗೆ ಅಂಟಿಕೊಂಡೇ ದೂರ ಸಾಗುವ ಜೀವಿ. ಒಮ್ಮೆ ಒಳಬಂದ ಪೀಡೆಯನ್ನು ಹೊರಹಾಕುವ ಖರ್ಚನ್ನು ಪ್ರವಾಸೋದ್ಯಮದ ಯಾವ ಯೋಜನಾ ವರದಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದನ್ನು ತೆರುವವರು ತೋಟದವರು.

ಗ್ರಾಮಸಭೆ ಕೇಳಬೇಕಾದದ್ದು

ಆದುದರಿಂದ ಕ್ಯಾರವಾನ್ ತಂಗುದಾಣದ ಪ್ರಸ್ತಾವ ಯಾವುದೇ ಬೆಟ್ಟದೂರಿಗೆ ಬಂದಾಗ, ಅದು ಮೊದಲು ಗ್ರಾಮಸಭೆಯ ಮುಂದೆ ಬರಬೇಕೆಂದು ಜನರು ಪಟ್ಟು ಹಿಡಿಯಬೇಕು. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ ಗ್ರಾಮಸಭೆಯನ್ನು ಕೊಟ್ಟಿರುವುದು ಫಲಾನುಭವಿಗಳ ಪಟ್ಟಿಯನ್ನು ಓದಿ ಚಪ್ಪಾಳೆ ತಟ್ಟುವುದಕ್ಕಷ್ಟೇ ಅಲ್ಲ. ಅಲ್ಲಿ ಐದು ಪ್ರಶ್ನೆಗಳನ್ನು ಬರಹದಲ್ಲಿ ಕೇಳಬೇಕು.

ಒಂದು, ಚಾಲಕನಿಗೆ ಗಾಡಿಯಿಂದ ಹೊರಗೆ ಗಾಳಿ, ಬೆಳಕು, ಶೌಚಾಲಯವಿರುವ ಮಲಗುವ ಕೋಣೆ ಎಲ್ಲಿದೆ?

ಎರಡು, ಖಾಲಿ ಗಾಡಿಯನ್ನು ಹಿಂದಕ್ಕೊಯ್ಯುವ ದಿನಕ್ಕೂ, ಮಳೆಗೆ ರಸ್ತೆ ಮುಚ್ಚಿ ಕಾದ ದಿನಕ್ಕೂ ಅವನಿಗೆ ಕೂಲಿ ಇದೆಯೇ?

ಮೂರು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಾಟಿಯಲ್ಲಿ ಈ ಗಾಡಿಗಳ ಸಂಚಾರ ನಿಲ್ಲುವುದೇ? ಮುಂದೆಂದೂ ಇವುಗಳ ನೆಪದಲ್ಲಿ ರಸ್ತೆ ಅಗಲಿಸುವುದಿಲ್ಲವೆಂದು ಬರೆದುಕೊಡುವವರು ಯಾರು?

ನಾಲ್ಕು, ಘಟ್ಟ ಹತ್ತುವ ಮೊದಲು ಗಾಲಿ, ತಳಗಳನ್ನು ತೊಳೆಯುವ ಜಾಗ ಯಾವುದು, ತೊಳೆದ ನೀರು ಹೋಗುವುದು ಎಲ್ಲಿಗೆ?

ಐದು, ಗಾಡಿಯ ಪಾಯಿಖಾನೆಯ ತೊಟ್ಟಿಯನ್ನು ಬರಿದು ಮಾಡುವುದು ಯಾವ ಊರಿನ ಹಳ್ಳದ ಮೇಲ್ಭಾಗದಲ್ಲಿ?

ಐದಕ್ಕೂ ಉತ್ತರವಿದ್ದರೆ ಪ್ರಸ್ತಾವವನ್ನು ಚರ್ಚಿಸಬಹುದು. ಒಂದಕ್ಕೂ ಉತ್ತರವಿಲ್ಲದಿದ್ದರೆ ಗಾಡಿ ಘಟ್ಟದ ಬುಡದಲ್ಲಿಯೇ ನಿಲ್ಲಲಿ. ಮನುಷ್ಯರು ಮೇಲೆ ಬರಲಿ. ಬೆಟ್ಟದೂರುಗಳ ಮನೆಗಳಲ್ಲಿ ಜಗುಲಿಯಿದೆ, ಚಾಪೆಯಿದೆ, ಬಂದವರಿಗೆ ಊಟವಿಟ್ಟು ದುಡ್ಡು ಪಡೆಯಬಲ್ಲ ಕೈಗಳಿವೆ. ನೆಂಟನು ಬರುವಾಗ ಮನೆಯನ್ನು ಬೇರೊಬ್ಬನ ಹೆಗಲ ಮೇಲೆ ಹೊರಿಸಿಕೊಂಡು ಬರಬೇಕಾಗಿಲ್ಲ.

ವಿದ್ಯಾರ್ಥಿಗಳು ಈ ಲೆಕ್ಕವನ್ನು ತಮ್ಮ ಊರಿನ ದಾರಿಗೆ ಹೊಂದಿಸಿ ಮತ್ತೊಮ್ಮೆ ಮಾಡಿ ನೋಡಲಿ: ಇಷ್ಟು ಕಿಲೋಮೀಟರು, ಇಷ್ಟು ಲೀಟರು, ಇಷ್ಟು ಗಂಟೆಯ ನಿದ್ದೆ. ಗ್ರಾಮಸಭೆಯಲ್ಲಿ ಆ ಹಾಳೆಯನ್ನು ಎದ್ದು ನಿಂತು ಓದಲಿ. ಬಿಲ್ಲಿನಲ್ಲಿ ಹೆಸರಿಲ್ಲದವರ ಹೆಸರು ಆಗಲಾದರೂ ಒಂದು ದಾಖಲೆಯಲ್ಲಿ ಸೇರಲಿ.